ಅಪ್‌ಡೇಟ್: ಕಾರವಾರದಲ್ಲಿ ಇಬ್ಬರ ಊಟಕ್ಕೆ ಮೂಲೆಯ ಟೇಬಲ್

ಗಂಡ-ಹೆಂಡತಿ ಇಬ್ಬರೇ ಆರಾಮಾಗಿ ಕೂತು ಉಣ್ಣಲು ಕಾರವಾರದಲ್ಲಿ ಎಂಥ ಹೋಟೆಲ್ ಆರಿಸಬೇಕು ಅಂತ ಕೇಳಿದ್ದೆ. ನಿಮ್ಮ ಸಲಹೆಗಳಲ್ಲಿ ಉಪಯೋಗಕ್ಕೆ ಬಂದದ್ದು ಇಷ್ಟು. ಶನಿವಾರ-ಭಾನುವಾರ ಬೇಡವೇ ಬೇಡ. ಡಿಸೆಂಬರಿನಲ್ಲಿ 6 ಗಂಟೆ ದಾಟುತ್ತಲೇ ಸೂರ್ಯ ಮುಳುಗುತ್ತಾನೆ. ಟಾಗೋರ್ ಬೀಚಿನಲ್ಲಿ ಅದನ್ನು ನೋಡಿಕೊಂಡು 7ಕ್ಕೆ ಹೋದರೆ ಗದ್ದಲಕ್ಕೆ ಮುಂಚೆ ಜಾಗ ಹಿಡಿಯಬಹುದು. ಅಡುಗೆಮನೆ ಬಾಗಿಲು, ಕೈ ತೊಳೆಯುವ ಬೇಸಿನ್, ಟಿವಿ (ಇದೇ ದೊಡ್ಡ ಶತ್ರು), ಮೂರರಿಂದಲೂ ದೂರ ಕೂರಿ.

ಇಸ್ವಣ ಮೀನಿನ (ಅಂಜಲ್, ಸುರ್ಮಾಯಿ ಅಂತಲೂ ಕರೆಯುತ್ತಾರೆ) ರವಾ ಫ್ರೈ ಮುರಿದಾಗ ಗರಿಗರಿ ಸದ್ದು ಬರಬೇಕು. ಎಣ್ಣೆ ಸರಿಯಾಗಿ ಕಾಯದಿದ್ದರೆ ರವೆ ಎಣ್ಣೆ ಕುಡಿದು ಮೆತ್ತಗಾಗಿ ತಟ್ಟೆಯಲ್ಲೇ ಕಳಚುತ್ತದೆ. ಇಡೀ ಮೀನಿಗೆ ಗಾತ್ರ ನೋಡಿ ದರ ಹಾಕುವಲ್ಲಿ ಮೊದಲೇ ಕೇಳಿಬಿಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆಗ ಬಂದ ಇಸ್ವಣ ಫ್ರೀಜರಿನದೇ ಇರಬಹುದು, ವಿಚಾರಿಸಲು ಸಂಕೋಚ ಬೇಡ.