ತುರ್ತು ಕರೆ ಮಾಡಿದರೆ ಲೊಕೇಶನ್ 7 ಕಿ.ಮೀ. ಆಚೆ ತೋರಿಸ್ತಿದೆ, ಜಿಪಿಎಸ್ ಮಾತ್ರ ಸರಿಯಾಗಿದೆ

ತೋಟದಮನೆ_ಹೊಳಲ್ಕೆರೆ (ಸೋಮವಾರ ರಾತ್ರಿ)
ಹೋದ ಗುರುವಾರ ನಮ್ಮಪ್ಪ ತೋಟದಲ್ಲಿ ಬಸಿಗಾಲುವೆ ದಾಟುವಾಗ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ತುರ್ತು ಕರೆ ಮಾಡಿದ್ವಿ. ಆಂಬುಲೆನ್ಸ್ ಬೇಗನೇ ಹೊರಟಿತ್ತು, ಆದರೆ ಹೋಗಿ ನಿಂತಿದ್ದು ನಮ್ಮಿಂದ 7 ಕಿಲೋಮೀಟರ್ ಆಚೆ. ಡ್ರೈವರ್ "ಬಂದಿದೀವಿ, ಎಲ್ಲಿದೀರಾ?" ಅಂತಾನೆ, ಇಲ್ಲಿ ಅಪ್ಪ ಕೆಸರಲ್ಲಿ ಮಲಗಿ ನರಳ್ತಿದಾರೆ. ಮುಕ್ಕಾಲು ಗಂಟೆ ಹೋಯ್ತು. ಆಮೇಲೆ ಅದೇ ಜಾಗದಲ್ಲಿ ನಿಂತು ಮ್ಯಾಪ್ ತೆಗೆದೆ. ನೀಲಿ ಚುಕ್ಕಿ ನಾನು ನಿಂತ ಅಡಿಕೆ ಮರದ ಬುಡದಲ್ಲೇ ಇದೆ. ಯಾವ ಸೆಟ್ಟಿಂಗ್ ಬದಲಾಯಿಸಬೇಕು, ಅಷ್ಟು ಹೇಳಿ ಸಾಕು.

ಹರಿಹರ_ಎಲೆಕ್ಟ್ರಾನಿಕ್ಸ್
ಗಾಳಿಯಂತ್ರ ಹತ್ರ ಇದಾವಾ? ಚಿತ್ರದುರ್ಗದ ಗುಡ್ಡದ ತುಂಬಾ ಅವೇ ಅಲ್ವಾ. ರೆಕ್ಕೆ ತಿರುಗೋದ್ರಿಂದ ಸಿಗ್ನಲ್ ಚದುರುತ್ತೆ.

ತೋಟದಮನೆ_ಹೊಳಲ್ಕೆರೆ
ದೂರದ ಗುಡ್ಡದ ಮೇಲೆ ಕಾಣ್ತವೆ. ಆದರೆ ಮ್ಯಾಪ್ ಸರಿ ಇದೆ ಅಂತ ಬರೆದಿದೀನಲ್ಲ.

ಹರಿಹರ_ಎಲೆಕ್ಟ್ರಾನಿಕ್ಸ್
ಅವತ್ತು ಗಾಳಿ ಜೋರಿದ್ದಿರಬೇಕು. ಗಾಳಿ ಇಲ್ಲದ ದಿನ, ಇರೋ ದಿನ ಎರಡೂ ಸಲ ಸ್ಕ್ರೀನ್‌ಶಾಟ್ ಹಾಕಿ, ಹೋಲಿಸಿ ನೋಡೋಣ.

ಕೋಟೆನಾಡು_ರೇಡಿಯೋ
ಸಾರ್, ಜಿಪಿಎಸ್ ಬರೋದು ಮೇಲಿಂದ, ಉಪಗ್ರಹದಿಂದ, 1575.42 ಮೆಗಾಹರ್ಟ್ಸ್‌ನಲ್ಲಿ. ಗುಡ್ಡದಾಚೆ ರೆಕ್ಕೆ ತಿರುಗಿದರೆ 7 ಕಿ.ಮೀ. ತಪ್ಪಾಗಲ್ಲ. ನಮ್ಮ ತಾರಸಿ ಮೇಲೆ ಆಂಟೆನಾ ಹಾಕಿ ಮೂರು ವರ್ಷ ಆಯ್ತು. ಅಮೆರಿಕದ ಜಿಪಿಎಸ್, ರಷ್ಯಾದ ಗ್ಲೋನಾಸ್, ನಮ್ಮ ದೇಶದ ನಾವಿಕ್, ಎಲ್ಲಾ ಉಪಗ್ರಹನೂ ಹಿಡಿಯುತ್ತೆ. ಕೆಳಗೆ ತಗಡು ಬಡಿದಿದೀನಿ, ತಾರಸಿಗೆ ಬಡಿದು ಕೆಳಗಿಂದ ಬರೋ ಸಿಗ್ನಲ್ ತಡೆಯೋಕೆ. ರಾತ್ರಿಯಿಡೀ ಚುಕ್ಕಿ ಎರಡು ಮೀಟರ್ ಒಳಗೇ ಇರುತ್ತೆ. ಫೋಟೋ ಹಾಕ್ತೀನಿ.

ಜಗಳೂರು_ಬೀಜ
ಅಣ್ಣಾ, ಅವರಪ್ಪ ಬಿದ್ದಿರೋದು ತೋಟದಲ್ಲಿ, ನಿಮ್ಮ ತಾರಸಿ ಮೇಲಲ್ಲ.

ಕೋಟೆನಾಡು_ರೇಡಿಯೋ
ಸಿಟ್ಟಾಗಬೇಡಿ. ರಿಸೀವರ್ ಚೆನ್ನಾಗಿದ್ದರೆ ಏನಾಗುತ್ತೆ ಅಂತ ಹೇಳಿದೆ ಅಷ್ಟೇ.

ಚನ್ನಗಿರಿ_ಟವರ್
ನಾನು ಟವರ್ ಕೆಲಸದವನು. ಒಂದೇ ಪ್ರಶ್ನೆ: ಕರೆ ಹೋಗಿದ್ದು ಯಾವ ಫೋನಿಂದ?

ತೋಟದಮನೆ_ಹೊಳಲ್ಕೆರೆ
ಅಮ್ಮನ ಫೋನಿಂದ. ನನ್ನದು ಮನೇಲಿ ಚಾರ್ಜಿಗೆ ಇತ್ತು. ಅಮ್ಮನದು ಕೀಪ್ಯಾಡ್ ಸೆಟ್. ಯಾಕೆ?

ಚನ್ನಗಿರಿ_ಟವರ್
ಮೊದಲೇ ಹೇಳಬೇಕಿತ್ತು ತಮ್ಮಾ. ನೀನು ಪರೀಕ್ಷೆ ಮಾಡಿದ್ದು ನಿನ್ನ ಫೋನ್, ಕರೆ ಮಾಡಿದ್ದು ಬೇರೆ ಫೋನ್. ಅಮ್ಮನ ಸೆಟ್ಟಲ್ಲಿ ಜಿಪಿಎಸ್ ಇಲ್ಲ ಅಂದ್ರೆ ಅಲ್ಲಿಂದ ಹೋಗಿದ್ದು ಟವರಿನ ಗುರುತು. ಟವರ್ ಇರೋ ಜಾಗ, ಅದರ ಯಾವ ಮುಖದಿಂದ, ಅಂದ್ರೆ ಯಾವ ದಿಕ್ಕಿನ ಆಂಟೆನಾದಿಂದ ಕರೆ ಬಂತು, ಇಷ್ಟೇ. ಹಳ್ಳಿ ಕಡೆ ಆ ಮುಖದ ಹರವೇ ಹಲವು ಕಿಲೋಮೀಟರ್. ಹತ್ತಿರದ ಟವರ್ ಗುಡ್ಡದ ಮರೆಯಲ್ಲಿದ್ದರೆ ಫೋನ್ ದೂರದ್ದನ್ನೇ ಹಿಡಿಯುತ್ತೆ.

ಹೀಗೆ ಮಾಡು. ಅಮ್ಮನ ಸಿಮ್ ನಿನ್ನ ಫೋನಿಗೆ ಹಾಕಿ 2ಜಿಗೆ ಕಟ್ಟಿಹಾಕು. ನೆಟ್‌ವರ್ಕ್ ಮಾನಿಟರ್ ಆ್ಯಪ್ ಹಾಕಿಕೊಂಡು ಮನೆಗೆ ಕರೆ ಮಾಡ್ತಾ 'ಟಿಎ' ಅಂತ ಇರೋ ಅಂಕಿ ನೋಡು. ಟವರಿಂದ ನೀನು ಎಷ್ಟು ದೂರ ಅಂತ ಹೇಳೋ ಅಂಕಿ ಅದು, ಒಂದು ಟಿಎ ಅಂದ್ರೆ ಸುಮಾರು 550 ಮೀಟರ್. ಪರೀಕ್ಷೆಗೆ ಅಂತ 112ಕ್ಕೆ ಮಾತ್ರ ಒತ್ತಬೇಡ. ಆ ಹೊತ್ತಿಗೆ ಇನ್ಯಾರದೋ ಜೀವ ಆ ಲೈನಿಗೆ ಕಾಯ್ತಿರುತ್ತೆ.

ದುರ್ಗ_ವಕೀಲ
ಕಾನೂನು ಇದೆಯಲ್ಲ! 2016ರಲ್ಲೇ ದೂರಸಂಪರ್ಕ ಇಲಾಖೆ ನಿಯಮ ತಂತು. 2017ರ ಜನವರಿ 1ರಿಂದ ಕೀಪ್ಯಾಡ್ ಫೋನಲ್ಲಿ 5 ಅಥವಾ 9 ಒತ್ತಿ ಹಿಡಿದರೆ ತುರ್ತು ಕರೆ ಹೋಗಬೇಕು, 2018ರ ಜನವರಿ 1ರಿಂದ ಎಲ್ಲಾ ಹೊಸ ಫೋನಲ್ಲೂ ಜಿಪಿಎಸ್ ಇರಬೇಕು ಅಂತ.

ಹರಿಹರ_ಎಲೆಕ್ಟ್ರಾನಿಕ್ಸ್
ನಿಯಮ ಸರಿ. ನನ್ನ ಅಂಗಡೀಲಿ ರಿಪೇರಿಗೆ ಬರೋ ಕೀಪ್ಯಾಡ್ ಸೆಟ್ ಬಿಚ್ಚಿ ನೋಡಿ, ಜಿಪಿಎಸ್ ಚಿಪ್ಪೂ ಇಲ್ಲ, ಆಂಟೆನಾನೂ ಇಲ್ಲ.

ದುರ್ಗ_ವಕೀಲ
ಅದಕ್ಕೇ ಹೇಳೋದು, ಚಿಪ್ ಇರಲಿ ಅಂದರೆ ಸಾಲದು, ಎಷ್ಟು ಮೀಟರ್ ಒಳಗೆ ಅಂತ ಅಳತೆ ಬೇಕು. ಅಮೆರಿಕದ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ 2015ರಲ್ಲಿ ಕೊಟ್ಟ ಗಡುವು ನೋಡಿ: ಆರು ವರ್ಷದೊಳಗೆ ನೂರಕ್ಕೆ 80 ಕರೆ 50 ಮೀಟರ್ ಒಳಗೆ ಸಿಗಬೇಕು. ಆಮೇಲೆ ಎತ್ತರಕ್ಕೂ 3 ಮೀಟರ್ ಅಂತ ಸೇರಿಸಿದರು, ಯಾವ ಮಹಡಿ ಅಂತ ಗೊತ್ತಾಗಲಿ ಅಂತ. ಯುರೋಪಲ್ಲಿ 2022ರ ಮಾರ್ಚ್‌ನಿಂದ ಮಾರೋ ಸ್ಮಾರ್ಟ್‌ಫೋನ್ ತುರ್ತು ಕರೆ ಹೋದಾಗ ತಾನೇ ಉಪಗ್ರಹ, ವೈಫೈ ಎರಡನ್ನೂ ಬಳಸಿ ಜಾಗ ಕಳಿಸಬೇಕು.

ಜಗಳೂರು_ಬೀಜ
ಯಾವ ಮಹಡಿ ಅನ್ನೋದು ದಾವಣಗೆರೆ ಅಪಾರ್ಟ್‌ಮೆಂಟಿಗೆ ಆಯ್ತು. ನಮಗೆ ಯಾವ ಊರು ಅಂತ ಗೊತ್ತಾದ್ರೆ ಸಾಕು.

ದುರ್ಗ_ವಕೀಲ
ಎರಡೂ ಬೇಕು. ಬೆಂಕಿ ಬಿದ್ದಾಗ ಆರನೇ ಮಹಡಿಯವರ ಜೀವಾನೂ ಜೀವವೇ.

ಕೋಟೆನಾಡು_ರೇಡಿಯೋ
ಫೋಟೋ ಅಪ್‌ಲೋಡ್ ಆಗ್ತಿಲ್ಲ, 5 ಎಂಬಿ ಮಿತಿ ಅಂತೆ. ಚಿಕ್ಕದು ಮಾಡೋದು ಹೇಗೆ?

ತೋಟದಮನೆ_ಹೊಳಲ್ಕೆರೆ (ಬುಧವಾರ ಸಂಜೆ)
ಚನ್ನಗಿರಿ ಅಣ್ಣಾ, ಅಪ್ಪ ಬಿದ್ದ ಜಾಗದಲ್ಲೇ ನಿಂತು ನೋಡಿದೆ. ಟಿಎ 13. ನಾಲ್ಕು ಸಲ ಕರೆ ಮಾಡಿದೆ, ಮೂರು ಸಲ 13, ಒಂದು ಸಲ 12. ಅಂದ್ರೆ ಹತ್ತಿರಹತ್ತಿರ 7 ಕಿಲೋಮೀಟರ್. ಗುಡ್ಡದಾಚೆ ರಸ್ತೆ ಬದಿಯ ಟವರ್ ಅದು.

ಇನ್ನೊಂದು ಗೊತ್ತಾಯ್ತು. ಅವತ್ತು ಏನು ಹೇಳಿದೆ ಅಂತ ಅಮ್ಮನ್ನ ಕೇಳಿದೆ. "ಗೊಲ್ಲರಹಟ್ಟಿ ದಾಟಿದ ಮೇಲೆ ನಮ್ಮ ತೋಟ" ಅಂದಳಂತೆ. ನಮ್ಮ ಕಡೆ ಗೊಲ್ಲರಹಟ್ಟಿ ಒಂದಾ ಎರಡಾ! ಆ ಟವರಿನ ಪಕ್ಕಾನೂ ಒಂದು ಇದೆ. ಫೋನೆತ್ತಿದವರಿಗೆ ಚುಕ್ಕಿಯೂ ಅಲ್ಲೇ, ಹೆಸರೂ ಅದೇ. ಅವರು ಅನುಮಾನ ಪಡೋದಾದರೂ ಹೇಗೆ?

ಚನ್ನಗಿರಿ_ಟವರ್
ಅಲ್ಲೇ ಇರೋದು ನೋಡು. ಬರೀ ಚುಕ್ಕಿ ತೋರಿಸಬಾರದು. ಇದು ಟವರಿಂದ ಬಂದ ಜಾಗ, ಸುತ್ತ ಇಷ್ಟು ಕಿಲೋಮೀಟರ್ ಆಚೀಚೆ ಇರಬಹುದು ಅಂತ ಜೊತೆಗೇ ದೊಡ್ಡ ವೃತ್ತ ಕಾಣಬೇಕು. ಆಗ ಕೇಳೋರು "ಯಾವ ಗೊಲ್ಲರಹಟ್ಟಿ?" ಅಂತ ಇನ್ನೊಂದು ಸಲ ಕೇಳ್ತಾರೆ. 50 ಮೀಟರ್ ನಿಯಮ ಬರೋಕೆ ಮುಂಚೆ ಇದಾದರೂ ಕಡ್ಡಾಯ ಆಗಬೇಕು ಅಂತ ನನ್ನ ಆಸೆ.

ಹರಿಹರ_ಎಲೆಕ್ಟ್ರಾನಿಕ್ಸ್
ಒಪ್ಪಿದೆ. ಆದ್ರೂ ಅವತ್ತು ಗಾಳಿ ಹೇಗಿತ್ತು ಅಂತ ಹೇಳಲಿಲ್ಲ.

ತೋಟದಮನೆ_ಹೊಳಲ್ಕೆರೆ
ಗಾಳಿ ಇರಲಿಲ್ಲ ಸಾರ್. ಒಂದು ಎಲೆ ಅಲ್ಲಾಡ್ತಿರಲಿಲ್ಲ.

ಅಮ್ಮನಿಗೆ ಸ್ಮಾರ್ಟ್‌ಫೋನ್ ಬೇಡವಂತೆ, ಒದ್ದೆ ಕೈಲಿ ಒತ್ತೋಕಾಗಲ್ಲ ಅಂತಾಳೆ. ಅದಕ್ಕೆ ಮೋಟ್ರು ಮನೆ ಗೋಡೆ ಮೇಲೆ ಪೂರ್ತಿ ವಿಳಾಸ, ಟಿಸಿ (ಟ್ರಾನ್ಸ್‌ಫಾರ್ಮರ್) ಕಂಬದ ನಂಬರ್, ಅಕ್ಷಾಂಶ ರೇಖಾಂಶ ಎಲ್ಲಾ ಆಯಿಲ್ ಪೇಂಟಲ್ಲಿ ಬರೆದೆ. ಚುಕ್ಕೆಯಾದ ಮೇಲೆ ನಾಲ್ಕು ಅಂಕಿ, ಅಂದ್ರೆ 11 ಮೀಟರ್ ಲೆಕ್ಕ. ಅಮ್ಮನಿಗೆ ಓದೋಕೆ ಸುಲಭ ಆಗಲಿ ಅಂತ ಕನ್ನಡ ಅಂಕಿಲೇ ಬರೆದಿದೀನಿ. ನಿನ್ನೆ ನೋಡದೇ ಒಪ್ಪಿಸಿದಳು. ಕೊನೇ ಅಂಕಿ ಒಂದು ತಪ್ಪಿತ್ತು.

ಕೋಟೆನಾಡು_ರೇಡಿಯೋ
ಕೊನೇ ಅಂಕಿ ಒಂದು ತಪ್ಪಿದರೂ ನಿಮ್ಮ ತೋಟದೊಳಗೇ ಇರುತ್ತೆ ಬಿಡಿ. ಅಪ್ಪ ಈಗ ಹೇಗಿದಾರೆ?

ತೋಟದಮನೆ_ಹೊಳಲ್ಕೆರೆ
ಆಪರೇಶನ್ ಆಗಿದೆ. ಇವತ್ತು ವಾಕರ್ ಹಿಡಿದು ಬಾಗಿಲ ತನಕ ಬಂದರು.