ಬಿಸಿಲಿಗೆ ಅಂಜಿ ದುಬೈಗೆ ಹೊರಟವರು

ಕಲಬುರಗಿಯಲ್ಲಿ ಏಪ್ರಿಲ್ ಎರಡನೆಯ ವಾರಕ್ಕೆ ಶಾಲೆಗಳು ಬಾಗಿಲು ಹಾಕಿದರೆ ಮೇ ತಿಂಗಳ ಕೊನೆಯವರೆಗೂ ತೆರೆಯುವುದಿಲ್ಲ. ಆ ಅವಧಿಯಲ್ಲಿ ರಜೆ ತೆಗೆದುಕೊಳ್ಳದೆ ದುಡಿಯುವವನು ಸೂರ್ಯನೊಬ್ಬನೇ. ಉಷ್ಣಾಂಶ 42 ಡಿಗ್ರಿ ದಾಟುವುದನ್ನು ಬಲ್ಲ ಸರ್ಕಾರವು ಈ ಎರಡು ತಿಂಗಳು ನಮ್ಮ ಭಾಗದ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಿಸುತ್ತದೆ. ಇದರ ಪರಿಣಾಮವನ್ನು ಸರ್ಕಾರ ಮುಂದಾಲೋಚಿಸಿದಂತೆ ಕಾಣುವುದಿಲ್ಲ. ಬೇರೆ ಜಿಲ್ಲೆಗಳ ತಂದೆಯರು ಸಂಜೆ ಆರಕ್ಕೆ ಮನೆಗೆ ಬಂದು, ಮಕ್ಕಳ ತಲೆ ಸವರಿ, ಊಟ ಆಯಿತೇ ಎಂದು ಕೇಳಿ ಪಾರಾಗುತ್ತಾರೆ; ನಮ್ಮವರು ಎರಡು ಗಂಟೆಗೇ ಮನೆ ಸೇರಿ, ಹೊತ್ತು ಇಳಿಯುವ ತನಕ ಮಕ್ಕಳೊಂದಿಗೆ ಒಂದೇ ಕೂಲರಿನ ಮುಂದೆ ಕೂಡಬೇಕಾಗುತ್ತದೆ. ಕುಟುಂಬ ಸಮೇತ ವಿದೇಶ ಪ್ರವಾಸ ಮಾಡಬೇಕೆಂಬ ಆಲೋಚನೆ ಹುಟ್ಟುವುದು ಈ ತಾಸುಗಳಲ್ಲಿಯೇ ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ನಮ್ಮ ಶಿರಸ್ತೇದಾರರಿಗೂ ಅದು ಹಾಗೆಯೇ ಹುಟ್ಟಿತ್ತು. ಮಾಸ್ತರರ ಮನೆಯ ಮಾಳಿಗೆಗೆ ನೀರು ಹೊಡೆದು, ಕಾವು ಇಳಿದ ಮೇಲೆ ಚಾಪೆ ಹಾಸಿ, ನಾವು ನಾಲ್ಕೈದು ಮಂದಿ ಮಜ್ಜಿಗೆ ಕುಡಿಯುತ್ತ ಕುಳಿತಿದ್ದಾಗ ಅವರು, “ಈ ಸಲ ಮಕ್ಕಳನ್ನು ದುಬೈಗೆ ಕರೆದುಕೊಂಡು ಹೋಗುವುದು ನಿಶ್ಚಯವಾಯಿತು. ಇಲ್ಲಿಯ ಬಿಸಿಲು ಹುಡುಗರಿಗೆ ತಡೆಯುವುದಿಲ್ಲ” ಎಂದು ಘೋಷಿಸಿದರು.

ತೊಗರಿ ಬೆಳೆಯುವ ಗೌಡರು ಲೋಟವನ್ನು ಕೆಳಗಿಟ್ಟು, “ಅಲ್ಲಿ ಎಷ್ಟು ಡಿಗ್ರಿ ಇರುತ್ತದೆ, ಸಾಹೇಬರೇ?” ಎಂದು ವಿಚಾರಿಸಿದರು.

“ಮೇ ತಿಂಗಳಲ್ಲಿ 40ರ ಆಸುಪಾಸು.”

“ಅಂದರೆ ಎರಡು ಡಿಗ್ರಿ ಇಳಿಸಿಕೊಳ್ಳುವುದಕ್ಕೆ ಸಮುದ್ರ ದಾಟುತ್ತೀರಿ.”

ಆ ಎರಡು ಡಿಗ್ರಿಯ ಲಾಭವೂ ಕೈಗೆ ಹತ್ತುವುದಿಲ್ಲವೆಂದು ವಿಜ್ಞಾನ ಕಲಿಸುವ ಅಕ್ಕೋರು ವಿವರಿಸಿದರು. ನಮ್ಮದು ಒಣ ಬಿಸಿಲು. ಬೆವರು ಬಂದ ಕೂಡಲೇ ಆರಿ ಮೈ ತಂಪಾಗುತ್ತದೆ, ಅದೇ ಕಾರಣಕ್ಕೆ ನೀರು ಹಾಕುವ ಕೂಲರು ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಕಡಲ ದಂಡೆಯ ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಆರದೆ ಮೈಗೇ ಅಂಟಿಕೊಂಡಿರುತ್ತದೆ. ಬೇಸಿಗೆಯಲ್ಲಿ ಅಲ್ಲಿಯ ಹೋಟೆಲುಗಳು ಬಾಡಿಗೆ ಇಳಿಸುವುದಕ್ಕೂ ಇದೇ ಕಾರಣ. ಬಾಡಿಗೆ ಇಳಿದಿದೆಯೆಂದು ಹಿಗ್ಗಿ ಹೋಗುವವರು ಅದು ಏಕೆ ಇಳಿದಿದೆಯೆಂದು ಕೇಳುವುದಿಲ್ಲ.

ಶಿರಸ್ತೇದಾರರು ಸೋಲುವ ಆಸಾಮಿಯಲ್ಲ. ಅಲ್ಲಿ ಹೊರಗೆ ಅಡ್ಡಾಡುವ ಪ್ರಸಂಗವೇ ಬರುವುದಿಲ್ಲ, ಎಲ್ಲವೂ ಒಳಗೇ ಇದೆ ಎಂದರು. ಬುರ್ಜ್ ಖಲೀಫಾ 828 ಮೀಟರ್ ಎತ್ತರವಿದೆ, ಲಿಫ್ಟಿನಲ್ಲಿ ಹತ್ತಿ ಲಿಫ್ಟಿನಲ್ಲಿಯೇ ಇಳಿಯಬಹುದು. ಒಂದು ಮಾಲ್‌ನಲ್ಲಿ 2005ರಿಂದಲೂ ಕೃತಕ ಹಿಮದ ಗುಡ್ಡವಿದ್ದು ಒಳಗೆ ಶೂನ್ಯಕ್ಕಿಂತ ಕಡಿಮೆ ಉಷ್ಣಾಂಶ ಇರುತ್ತದೆ, ಕೋಟು ಬೂಟುಗಳನ್ನು ಅವರೇ ಕೊಡುತ್ತಾರೆ. ಬೆಳಿಗ್ಗೆ ಹನ್ನೊಂದರಿಂದ ಸಂಜೆ ಆರರವರೆಗೆ ಮಕ್ಕಳು ಬಿಸಿಲು ಕಾಣದೆ ಒಳಗೇ ಇರಬಹುದು.

“ಅದನ್ನು ಅವರು ಈಗಲೂ ಮಾಡುತ್ತಿದ್ದಾರಲ್ಲ!” ಎಂದು ಗೌಡರು ಸೋಜಿಗಪಟ್ಟರು.

ಇಲ್ಲಿ ನನ್ನದೊಂದು ಮಾತನ್ನು ಸೇರಿಸದೆ ಇರಲಾರೆ. ದುಬೈನ ಬೇಸಿಗೆಗೆ ಲಂಡನ್ನಿನವರು ಹೋಗಿ ಬಸವಳಿಯುವುದಕ್ಕಿಂತ ಕಲಬುರಗಿಯವರು ಹೋಗುವುದೇ ಸೂಕ್ತ. ಮಧ್ಯಾಹ್ನ ಕಿಟಕಿ ಮುಚ್ಚಿ ಪರದೆ ಎಳೆಯುವುದು, ಕಿಸೆಯಲ್ಲಿ ಉಳ್ಳಾಗಡ್ಡಿ ಇಟ್ಟುಕೊಳ್ಳುವುದು, ಚಪ್ಪಲಿಯಿಲ್ಲದೆ ಅಂಗಳಕ್ಕೆ ಇಳಿದ ಮಗುವನ್ನು ಹಿಂದಿನಿಂದ ಹಿಡಿದೆತ್ತುವುದು, ಇವೆಲ್ಲ ನಮಗೆ ಹುಟ್ಟಿನಿಂದ ಬಂದ ವಿದ್ಯೆಗಳು.

ಈ ಚರ್ಚೆಯನ್ನು ಇಷ್ಟು ಹೊತ್ತು ಮುಗುಳ್ನಗುತ್ತ ಕೇಳುತ್ತಿದ್ದವರು ಭಾಯಿ. ಅವರ ತಮ್ಮ ಸಂಸಾರ ಸಮೇತ ದುಬೈನಲ್ಲಿಯೇ ಇದ್ದಾನೆ. “ನೀವು ಮೇ ತಿಂಗಳಲ್ಲಿ ಹೋದರೆ ನನ್ನ ತಮ್ಮನ ಮಕ್ಕಳು ನಿಮಗೆ ಸಿಗುವುದಿಲ್ಲ, ಅವರಿಗೆ ಶಾಲೆ ಇರುತ್ತದೆ. ಅಲ್ಲಿ ದೊಡ್ಡ ರಜೆ ಕೊಡುವುದು ಜುಲೈ, ಆಗಸ್ಟ್ ತಿಂಗಳುಗಳಲ್ಲಿ” ಎಂದರು.

“ಆಗ ಅವರು ಎಲ್ಲಿಗೆ ಹೋಗುತ್ತಾರೆ?”

“ಎಲ್ಲಿಗೆಂದರೆ, ಇಲ್ಲಿಗೇ. ಅಲ್ಲಿಯ ಬಿಸಿಲು ಹುಡುಗರಿಗೆ ತಡೆಯುವುದಿಲ್ಲವಂತೆ.”

ಮಾಳಿಗೆಯ ಮೇಲೆ ಎದ್ದ ನಗೆಗೆ ಕೆಳಗಿನ ಮನೆಯ ನಾಯಿ ಬೊಗಳಿತು. ಜುಲೈನಲ್ಲಿ ನಮ್ಮಲ್ಲಿ ಮಳೆ ಹಿಡಿದು ಉಷ್ಣಾಂಶ ಮೂವತ್ತರ ಹತ್ತಿರಕ್ಕೆ ಬಂದಿರುತ್ತದೆ. ಆ ಮಕ್ಕಳಿಗೆ ಕಲಬುರಗಿ ಎಂದರೆ ಗಿರಿಧಾಮ. ಬುರ್ಜ್ ಖಲೀಫಾವನ್ನು ದಿನಾಲೂ ಶಾಲೆಯ ಬಸ್ಸಿನಿಂದ ನೋಡುವ ಅವರು ಇಲ್ಲಿಗೆ ಬಂದು ಎಮ್ಮೆಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಕರೆಂಟ್ ಹೋದರೆ ಕೇಕೆ ಹಾಕುತ್ತಾರೆ. ಖಾಜಾ ಬಂದೇನವಾಜರ ದರ್ಗಾಕ್ಕೆ ಹೋದರೆ ಬೀದಿಯ ಅಂಗಡಿಗಳ ಮುಂದಿನಿಂದ ಕದಲುವುದೇ ಇಲ್ಲ.

ಬುತ್ತಿಯ ವಿಷಯಕ್ಕೆ ಬಂದಾಗ ಮಾತು ರಂಗೇರಿತು. ಶಿರಸ್ತೇದಾರರ ತಾಯಿ ಮೊಮ್ಮಕ್ಕಳಿಗಾಗಿ ಒಂದು ಡಬ್ಬಿ ಅಂಟಿನ ಉಂಡಿ ಕಟ್ಟಿ ಇಟ್ಟಿದ್ದಾರಂತೆ. ಭಾಯಿ ಕೂಡಲೇ, “ಗಸಗಸೆ ಹಾಕಿದ್ದಾರೆಯೇ?” ಎಂದು ಕೇಳಿದರು. ಗಸಗಸೆ ಇಲ್ಲದ ಅಂಟಿನ ಉಂಡಿ ಉಂಟೇ ಎಂದು ಶಿರಸ್ತೇದಾರರು ತಾಯಿಯ ಪರವಾಗಿ ಕೆರಳಿದರು. ಆದರೆ ಗಸಗಸೆ ಅಫೀಮಿನ ಗಿಡದ ಬೀಜವಾದ್ದರಿಂದ ಯುಎಇಯಲ್ಲಿಯೂ ಸಿಂಗಪುರದಲ್ಲಿಯೂ ಅದಕ್ಕೆ ನಿಷೇಧವಿದೆ. ಸಿಕ್ಕಿಬಿದ್ದರೆ ಮಾದಕ ವಸ್ತುವಿನ ಕಾನೂನಿನಡಿ ಉತ್ತರ ಕೊಡಬೇಕಾಗುತ್ತದೆ. ಒಣಕೊಬ್ಬರಿಯಲ್ಲಿ ಎಣ್ಣೆಯ ಅಂಶ ಹೆಚ್ಚಿದ್ದು ಬೇಗ ಬೆಂಕಿ ಹತ್ತುವುದರಿಂದ ವಿಮಾನದವರು ಅದಕ್ಕೂ ತಕರಾರು ಮಾಡುತ್ತಾರೆ. ಅಜ್ಜಿಯ ಡಬ್ಬಿಯೊಳಗೆ ಅಂಟು, ಉತ್ತತ್ತಿ ಮತ್ತು ಬೆಲ್ಲ ಮಾತ್ರ ನಿರಪರಾಧಿಗಳೆಂದು ತೀರ್ಮಾನವಾಯಿತು. ಮಾವಿನ ಉಪ್ಪಿನಕಾಯಿಯನ್ನು ಕೈಚೀಲದಲ್ಲಿ ಇಡುವಂತಿಲ್ಲ. ತುಪ್ಪವೂ ದ್ರವದ ಲೆಕ್ಕಕ್ಕೆ ಬಂದು 100 ಮಿಲಿಲೀಟರಿನ ಮಿತಿಗೆ ಸಿಲುಕುತ್ತದೆ, ಅಷ್ಟು ತುಪ್ಪ ನಮ್ಮ ಕಡೆ ಒಂದು ಹೋಳಿಗೆಗೂ ಸಾಲದು. ಪವರ್ ಬ್ಯಾಂಕ್ ಮಾತ್ರ ಇದಕ್ಕೆ ತದ್ವಿರುದ್ಧ: ಅದು ಕೈಚೀಲದಲ್ಲಿಯೇ ಇರಬೇಕು, ದೊಡ್ಡ ಪೆಟ್ಟಿಗೆಗೆ ಹಾಕುವಂತಿಲ್ಲ.

ಉಳಿದದ್ದು ಖಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿ. ರೊಟ್ಟಿಗೆ ಯಾವ ಸರ್ಕಾರದ ಆಕ್ಷೇಪವೂ ಇಲ್ಲ, ಆಕ್ಷೇಪವಿರುವುದು ಸಾಮಾನು ಎತ್ತಿ ಒಗೆಯುವವರ ಕೈಗಳಿಗೆ. ಅಕ್ಕೋರ ನಾದಿನಿಯೊಬ್ಬರು ರೊಟ್ಟಿಗಳನ್ನು ಹಳೆಯ ಪಂಚೆಯಲ್ಲಿ ಸುತ್ತಿ, ಸ್ಟೀಲ್ ಡಬ್ಬಿಗೆ ಇಳಿಸಿ, ಸಂದುಗಳಿಗೆ ಮಕ್ಕಳ ಕಾಲುಚೀಲಗಳನ್ನು ತುರುಕಿ ಒಯ್ದಿದ್ದರಂತೆ. ಹೈದರಾಬಾದಿನ ಶಂಷಾಬಾದ್ ನಿಲ್ದಾಣದಲ್ಲಿ ವಿಮಾನ ಹತ್ತಿದ್ದು ರೊಟ್ಟಿ, ಆ ಕಡೆ ಇಳಿದದ್ದು ನುಚ್ಚು. ಅವರು ಅದಕ್ಕೆ ಮೊಸರು, ಹಿಂಡಿ ಕಲಸಿ ಬಡಿಸಿದಾಗ ಮಕ್ಕಳು ಇದು ಈ ದೇಶದ ತಿಂಡಿಯೇ ಎಂದು ಕೇಳಿದರಂತೆ.

ಗೌಡರಿಗೆ ವಿದೇಶದ ಮೇಲೆ ದ್ವೇಷವಿಲ್ಲ, ಅವರಿಗೆ ತಮ್ಮದೇ ಆದ ವಿದೇಶವೊಂದಿದೆ, ಅದು ನೇಪಾಳ. ಭಾರತೀಯರಿಗೆ ವೀಸಾ ಬೇಡ, ಮತದಾರರ ಗುರುತಿನ ಚೀಟಿ ಇದ್ದರೆ ಪಾಸ್‌ಪೋರ್ಟೂ ಬೇಡ, 15 ವರ್ಷದೊಳಗಿನ ಮಕ್ಕಳಿಗೆ ಆಧಾರ್ ಸಾಕು. ನಮ್ಮ 100 ರೂಪಾಯಿಗೆ ಅವರ 160 ರೂಪಾಯಿ ಸಿಗುತ್ತದೆ. ಗಡಿ ದಾಟಿದ ಕೂಡಲೇ ತಮ್ಮ ಆಸ್ತಿ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ ಎಂದು ಗೌಡರು ಲೆಕ್ಕ ಹಾಕಿ ಸುಖಿಸಿದರು. ಅಲ್ಲಿಯ ಬೆಲೆಗಳೂ ಅದೇ ರೂಪಾಯಿಯಲ್ಲಿ ಇರುತ್ತವೆ ಎಂಬ ಶಿರಸ್ತೇದಾರರ ಮಾತಿಗೆ ಅವರು ಕಿವಿಗೊಡಲಿಲ್ಲ. ಕಠ್ಮಂಡು ಸಮುದ್ರಮಟ್ಟದಿಂದ ಸುಮಾರು 1,400 ಮೀಟರ್ ಎತ್ತರದಲ್ಲಿರುವುದರಿಂದ ಮೇ ತಿಂಗಳಲ್ಲಿಯೂ ಹಿತವಾಗಿರುತ್ತದೆ. ಪಶುಪತಿನಾಥನ ಪೂಜೆಗೆ ಕರ್ನಾಟಕದ ಭಟ್ಟರೇ ನಿಲ್ಲುವುದು ಹಳೆಯ ಪರಂಪರೆಯೆಂದು ಮಾಸ್ತರರು ತಿಳಿಸಿದಾಗಲಂತೂ ಗೌಡರು, “ಹಾಗಾದರೆ ತೀರ್ಥವನ್ನೂ ಕನ್ನಡದಲ್ಲಿಯೇ ಕೇಳಬಹುದು” ಎಂದು ನಿಶ್ಚಿಂತರಾದರು. ಗಡಿಯಾರವನ್ನು ಹದಿನೈದು ನಿಮಿಷ ಮುಂದಕ್ಕೆ ತಿರುಗಿಸಿಕೊಂಡರೆ ಆಯಿತು. ನಮ್ಮ ಮದುವೆಗಳಿಗೆ ಗೌಡರು ಬರುವ ಹೊತ್ತನ್ನು ನೋಡಿದರೆ ಹದಿನೈದು ನಿಮಿಷ ಅವರಿಗೆ ದೊಡ್ಡದೇನಲ್ಲ.

ಸಿಂಗಪುರದ ಹೆಸರೂ ಬಂದುಹೋಯಿತು. ಅಲ್ಲಿ 1994ರಲ್ಲಿ ಆರಂಭವಾದ ರಾತ್ರಿಯ ಮೃಗಾಲಯವಿದೆ, ಬಿಸಿಲಿನ ಗೊಡವೆಯಿಲ್ಲದೆ ಮಕ್ಕಳಿಗೆ ಪ್ರಾಣಿಗಳನ್ನು ತೋರಿಸಬಹುದು ಎಂದು ಅಕ್ಕೋರು ಹೇಳಿದರು. ಆದರೆ 1992ರಿಂದಲೇ ಚ್ಯೂಯಿಂಗ್ ಗಮ್ ತರುವುದನ್ನು ನಿಷೇಧಿಸಿ, ರಸ್ತೆಯ ಮೇಲೆ ಉಗುಳಿದರೆ ದಂಡ ಹಾಕುವ ಊರದು ಎಂದು ಕೇಳಿದ ತಕ್ಷಣ ಗೌಡರು ಬಾಯಲ್ಲಿದ್ದ ಎಲೆಯಡಿಕೆಯನ್ನು ಕೆನ್ನೆಯ ಇನ್ನೊಂದು ಮಗ್ಗುಲಿಗೆ ಸರಿಸಿ, ಆ ಊರಿನ ವಿಚಾರ ಸಾಕು ಎಂದು ಕೈಸನ್ನೆ ಮಾಡಿದರು.

ವಿಮಾನದ ಟಿಕೆಟ್ಟಿನ ಲೆಕ್ಕ ನಮ್ಮ ತಾಯಂದಿರ ಒಂದು ಪ್ರಾಚೀನ ಕಲೆಗೆ ಕೊಡಲಿ ಹಾಕಿದೆ. ನಮ್ಮ ಬಸ್ಸುಗಳಲ್ಲಿ ಆರು ತುಂಬುವವರೆಗೆ ಮಕ್ಕಳಿಗೆ ಟಿಕೆಟ್ ಇಲ್ಲ. ಆದ್ದರಿಂದ ಕಂಡಕ್ಟರ್ ಹತ್ತಿರ ಬಂದಾಗ ಎಂಟು ವರ್ಷದ ಹುಡುಗನೂ ತಾಯಿಯ ತೊಡೆಯ ಮೇಲೆ ಮುದುಡಿ ಐದರವನಾಗುತ್ತಾನೆ. ವಿಮಾನದಲ್ಲಿ ಎರಡು ತುಂಬಿತೆಂದರೆ ಸೀಟು ಕೊಳ್ಳಲೇಬೇಕು, ಹುಟ್ಟಿದ ದಿನಾಂಕ ಪಾಸ್‌ಪೋರ್ಟಿನಲ್ಲಿ ಅಚ್ಚಾಗಿರುತ್ತದೆ. ಇಳಿಯುವಾಗ ಮಕ್ಕಳ ಕಿವಿ ನೋಯುತ್ತದೆ. ನುಂಗಿದರೆ ಕಿವಿಯ ಒಳಗಿನ ನಳಿಕೆ ತೆರೆದು ಒತ್ತಡ ಸರಿಹೋಗುವುದರಿಂದ ಒಂದು ಪೆಪ್ಪರಮೆಂಟು ಕೊಟ್ಟರೆ ಸಾಕು. ಅದು ಗೊತ್ತಿಲ್ಲದವರು ಇಡೀ ವಿಮಾನಕ್ಕೆ ಮಗುವಿನ ಕಂಠದ ಪರಿಚಯ ಮಾಡಿಸುತ್ತಾರೆ.

“ವಿದೇಶ, ವಿದೇಶ ಎಂದು ಇಷ್ಟು ಪರದಾಡುತ್ತೀರಿ. ವಿದೇಶದವರೇ ಪರದಾಡಿ ನಮ್ಮ ಕಡೆಗೆ ಬಂದ ಕಥೆ ಮಕ್ಕಳಿಗೆ ಹೇಳಿದ್ದೀರೇನು?” ಎಂದು ಮಾಸ್ತರರು ಕೇಳಿದಾಗ ಇದು ಪಾಠವಾಗುವ ಸೂಚನೆ ಎಂದು ನಮಗೆಲ್ಲ ತಿಳಿಯಿತು, ಆದರೆ ಮಜ್ಜಿಗೆ ಅವರ ಮನೆಯದು. ಹದಿನೈದನೆಯ ಶತಮಾನದಲ್ಲಿ ರಷ್ಯಾದ ತ್ವೇರ್ ಎಂಬ ಊರಿನ ವ್ಯಾಪಾರಿ ಅಫನಾಸಿ ನಿಕಿತಿನ್ ಹಡಗಿನಲ್ಲಿ ಕುದುರೆಯೊಂದನ್ನು ಹೇರಿಕೊಂಡು ಬಂದನಂತೆ. ಈಗಿನ ಮಹಾರಾಷ್ಟ್ರದ ಜುನ್ನರಿನ ಅಧಿಕಾರಿ ಆ ಕುದುರೆಯನ್ನು ಕಸಿದುಕೊಂಡು, ಸತಾಯಿಸಿ, ಕೊನೆಗೆ ಹಿಂದಿರುಗಿಸಿದ. ನಿಕಿತಿನ್ ಅದನ್ನು ಬೀದರಿಗೆ ತಂದು ಮಾರಿದ. ಆಗ ಬಹಮನಿ ರಾಜ್ಯದಲ್ಲಿ ದೊಡ್ಡ ಅಧಿಕಾರದಲ್ಲಿದ್ದ ಮಹಮೂದ್ ಗವಾನನೂ ಇರಾನಿನ ಗಿಲಾನ್ ಪ್ರಾಂತದಿಂದ ಬಂದವನು; ಅವನು 1472ರಲ್ಲಿ ಕಟ್ಟಿಸಿದ ಮದರಸಾ ಇಂದಿಗೂ ನಿಂತಿದೆ. ಬೀದರಿನ ನೆಲದಡಿಯ ನೀರಿನ ಸುರಂಗಗಳ ವಿದ್ಯೆಯೂ ಇರಾನಿನಿಂದಲೇ ಬಂದದ್ದು.

“ಕಸ್ಟಮ್ಸ್‌ನವರ ಕಾಟ ಆಗಲೂ ಇತ್ತೆಂದಾಯಿತು” ಎಂದರು ಶಿರಸ್ತೇದಾರರು. ಇಡೀ ಇತಿಹಾಸದಲ್ಲಿ ಅವರಿಗೆ ಹಿಡಿಸಿದ್ದು ಅದೊಂದೇ.

ಅಷ್ಟರಲ್ಲಿ ಮಕ್ಕಳ ಅಭಿಪ್ರಾಯವನ್ನೂ ಕೇಳಬೇಕೆಂದು ಅಕ್ಕೋರು ಸೂಚಿಸಿದರು. ಮಕ್ಕಳು ಮಾಳಿಗೆಯ ಇನ್ನೊಂದು ಮೂಲೆಯಲ್ಲಿ ಶಾಬಾದಿ ಕಲ್ಲಿನ ಮೇಲೆ ಸೀಮೆಸುಣ್ಣದಿಂದ ಚೌಕಾಬಾರದ ಮನೆಗಳನ್ನು ಗೀಚಿ, ಹುಣಸೆ ಬೀಜಗಳನ್ನು ಒಂದು ಕಡೆ ಬಿಳಿಯಾಗುವಂತೆ ನೆಲಕ್ಕೆ ತಿಕ್ಕುತ್ತಿದ್ದರು. ಆ ತಿಕ್ಕುವ ಕೆಲಸಕ್ಕೆ ಆಟಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ, ಜಗಳ ಹುಟ್ಟುವುದೂ ಅಲ್ಲಿಯೇ. ಬೀಜ ಕಾದು ಬೆರಳು ಸುಟ್ಟಾಗ ಅದನ್ನು ಪಕ್ಕದವನ ತೋಳಿಗೆ ಮುಟ್ಟಿಸಿ ಓಡುವುದು ಆಟದ ಅಲಿಖಿತ ನಿಯಮ. ದುಬೈನಲ್ಲಿ ಏನು ನೋಡುತ್ತೀರಿ ಎಂದು ಕೇಳಿದರೆ ಶಿರಸ್ತೇದಾರರ ದೊಡ್ಡ ಮಗಳು, ಹೋಟೆಲಿನ ಈಜುಕೊಳ ಎಂದಳು. ಚಿಕ್ಕವನು, ಲಿಫ್ಟಿನ ಗುಂಡಿಗಳನ್ನೆಲ್ಲ ತಾನೇ ಒತ್ತುವುದಾಗಿ ಹೇಳಿದನು. ದಿನಕ್ಕೆ ಐದು ಸ್ಥಳಗಳಂತೆ ಪಟ್ಟಿ ಮಾಡಿಟ್ಟುಕೊಂಡಿದ್ದ ತಂದೆಯ ಮುಖ ನೋಡಬೇಕಾಗಿತ್ತು. ಮಕ್ಕಳಿರುವ ಪ್ರವಾಸದಲ್ಲಿ ದಿನಕ್ಕೊಂದು ಸ್ಥಳ, ಉಳಿದ ಹೊತ್ತೆಲ್ಲ ನೀರು, ನಿದ್ದೆ ಮತ್ತು ಐಸ್‌ಕ್ರೀಮ್ ಎಂಬುದನ್ನು ನಾನು ಅವರಿಗೆ ಒತ್ತಿ ಹೇಳಿದೆ.

ಭಾಯಿ ಎದ್ದು ಹೊರಡುವ ಮುಂಚೆ, “ಚಿಕ್ಕವನ ಪಾಸ್‌ಪೋರ್ಟಿನ ಅವಧಿ ನೋಡಿದ್ದೀರಷ್ಟೇ? ಮಕ್ಕಳದ್ದು ಐದೇ ವರ್ಷ, ಹೋಗುವಾಗ ಇನ್ನೂ ಆರು ತಿಂಗಳು ಬಾಕಿ ಇರಬೇಕು” ಎಂದು ಸಹಜವಾಗಿ ಕೇಳಿದರು. ಶಿರಸ್ತೇದಾರರು ಮನೆಗೆ ಫೋನ್ ಮಾಡಿ ಪಾಸ್‌ಪೋರ್ಟಿನ ಫೋಟೋ ತರಿಸಿಕೊಂಡರು. ಹುಡುಗನಿಗೆ ಒಂದೂವರೆ ವರ್ಷವಿದ್ದಾಗ, ಜಾವಳ ತೆಗೆಸಿದ ಮರುವಾರ ಮಾಡಿಸಿದ್ದು. ಬೋಳುತಲೆಯ ಆ ಕೂಸಿಗೂ ಲಿಫ್ಟಿನ ಗುಂಡಿ ಒತ್ತಲು ಸಿದ್ಧನಾಗಿದ್ದ ಈ ಹುಡುಗನಿಗೂ ಹೋಲಿಕೆಯೇ ಇರಲಿಲ್ಲ. ಅವಧಿ ಸೆಪ್ಟೆಂಬರಿಗೆ ಮುಗಿಯುತ್ತಿತ್ತು.

ಗೌಡರು ಚಾಪೆಯ ಮೇಲೆ ಮುಂದಕ್ಕೆ ಸರಿದು, “ಚಿಂತೆ ಬಿಡಿ, ನೇಪಾಳಕ್ಕೆ ಹೋಗೋಣ. ಹುಡುಗನ ಆಧಾರ್ ಇದೆಯಲ್ಲ?” ಎಂದರು.

“ಇದೆ. ಆದರೆ ಇನ್ನೂ ಚಿಕ್ಕ ಮಕ್ಕಳ ನೀಲಿ ಬಣ್ಣದ್ದೇ. ಐದು ತುಂಬಿದ ಮೇಲೆ ಬೆರಳಚ್ಚು ಕೊಡಿಸಬೇಕಾಗಿತ್ತು, ಕೊಡಿಸಿಲ್ಲ.”

“ಕೊಡಿಸುವುದಕ್ಕೆ ಎಷ್ಟು ಹೊತ್ತು? ನಾಳೆ ಬೆಳಿಗ್ಗೆ ಕರೆದುಕೊಂಡು ಹೋಗಿ.”

“ನಾಳೆ ಬೆಳಿಗ್ಗೆ ಎಂಟಕ್ಕೆ ನನಗೆ ಕಚೇರಿ ಇದೆ, ಗೌಡರೇ. ಮಧ್ಯಾಹ್ನ ಕರೆದುಕೊಂಡು ಹೋಗೋಣವೆಂದರೆ ಈ ಬಿಸಿಲಿನಲ್ಲಿ ಹುಡುಗನನ್ನು ಹೊರಗೆ ತರುವುದು ಹೇಗೆ?”