ಲೊಕೇಟರ್ ಐದಡಿ ಅನ್ನುತ್ತಿದೆ, ಐದೂವರೆ ಅಡಿ ಅಗೆದರೂ ಕೇಬಲ್ ಇಲ್ಲ (ಧಾರವಾಡ, ಸಂಪ್ ಕೆಲಸ)

ಎರೆಹೊಲ_ಧಾರವಾಡ · ಶನಿವಾರ ರಾತ್ರಿ 9:40
ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ತಲೆ ಕೆಟ್ಟಿದೆ. ಹಿತ್ತಲಲ್ಲಿ ಸಂಪ್ ತೋಡಿಸಬೇಕು. ಕಂಬದಿಂದ ಮೀಟರ್‌ಗೆ ಬರುವ ಕರೆಂಟ್ ಕೇಬಲ್ ಅಲ್ಲೇ ಎಲ್ಲೋ ನೆಲದೊಳಗಿದೆ. ಅದನ್ನು ಹಾಕಿಸಿದವರು ನಮ್ಮ ಅಪ್ಪ. ಅವರು ಈಗಿಲ್ಲ, ನಕ್ಷೆಯೂ ಇಲ್ಲ. ನೆಲದೊಳಗಿನ ಕೇಬಲ್ ಹುಡುಕುವ ಲೊಕೇಟರ್ ಬಾಡಿಗೆಗೆ ತಂದೆ. ಅದರ ಟ್ರಾನ್ಸ್‌ಮಿಟರ್ ಕೇಬಲ್‌ಗೆ ಸಿಗ್ನಲ್ ಕೊಡುತ್ತೆ, ಕೈಲಿ ಹಿಡಿದ ರಿಸೀವರ್ ಮೇಲಿನಿಂದ ಅದನ್ನು ಕೇಳುತ್ತೆ. ಸಿಗ್ನಲ್ ಜೋರಾಗಿ ಬರುತ್ತಿದೆ, ಐದಡಿ ಆಳ ತೋರಿಸುತ್ತಿದೆ. ಇಬ್ಬರು ಆಳು ಇಡೀ ದಿನ ಕೈಯಲ್ಲೇ ಅಗೆದರು. ಐದೂವರೆ ಅಡಿ ಹೋದರೂ ಬರೀ ಕರಿ ಮಣ್ಣು. ಸೋಮವಾರ ಜೆಸಿಬಿ ಬರುತ್ತೆ. ಮಷಿನ್ ಕೆಟ್ಟಿದೆಯಾ? ಬೇಗ ಹೇಳಿ.

ವೈರ್‌ಮನ್_ಹಾವೇರಿ · 9:58
ಮಷಿನ್ ಸರಿ ಇರುತ್ತೆ ಸರ್. ಇದು ಅರ್ತ್ ಸಮಸ್ಯೆ. ಬೇಸಿಗೆಯಲ್ಲಿ ಎರೆ ಮಣ್ಣು ಬಿರುಕು ಬಿಟ್ಟಿರುತ್ತೆ. ಟ್ರಾನ್ಸ್‌ಮಿಟರ್‌ನ ಕಪ್ಪು ಕ್ಲಿಪ್ ಸಿಗಿಸುವ ಅರ್ತ್ ಗೂಟದ ಸುತ್ತ ಗಾಳಿ ತುಂಬಿ ಮಣ್ಣು ಹಿಡಿಯೋದೇ ಇಲ್ಲ. ಎರಡು ಕೊಡ ನೀರಿಗೆ ಉಪ್ಪು ಕಲಸಿ ಗೂಟದ ಬುಡಕ್ಕೆ ಹುಯ್ಯಿರಿ.

ಸರ್ವೆ_ಅಕ್ಕ · 10:05
ಯಾವ ಮೋಡ್, ಯಾವ ಫ್ರೀಕ್ವೆನ್ಸಿ, ಟ್ರಾನ್ಸ್‌ಮಿಟರ್ ಎಲ್ಲಿಗೆ ಕನೆಕ್ಟ್ ಮಾಡಿದ್ದೀರಿ? ಇದು ಗೊತ್ತಿಲ್ಲದೆ ಯಾರೂ ಏನೂ ಹೇಳೋಕೆ ಆಗಲ್ಲ. ಇನ್ನೊಂದು ಮಾತು: ಮನೆಗೆ ಬರುವ ಎಲ್‌ಟಿ (ಕಡಿಮೆ ವೋಲ್ಟೇಜ್) ಕೇಬಲ್ ಸಾಮಾನ್ಯವಾಗಿ 75 ಸೆಂ.ಮೀ. ಆಸುಪಾಸಿನಲ್ಲಿರುತ್ತೆ, ಅಂದರೆ ಎರಡೂವರೆ ಅಡಿ. ಐದಡಿ ಅಂದಾಗಲೇ ಅನುಮಾನ ಪಡಬೇಕಿತ್ತು. ಆ ಗುಂಡಿಗೆ ಇನ್ನು ಯಾರನ್ನೂ ಇಳಿಸಬೇಡಿ, ಎರೆ ಮಣ್ಣಿನ ಗೋಡೆ ಹೇಳದೆ ಕೇಳದೆ ಕುಸಿಯುತ್ತೆ.

ಎರೆಹೊಲ_ಧಾರವಾಡ · 10:20
ಡೈರೆಕ್ಟ್ ಕನೆಕ್ಷನ್, 33 ಕಿಲೋಹರ್ಟ್ಜ್. ಲೈನ್‌ಮನ್ ಬಂದು ಕಂಬದಲ್ಲಿ ಫ್ಯೂಸ್ ತೆಗೆದ ಮೇಲೆ, ಮೀಟರ್ ಬೋರ್ಡ್ ಹತ್ತಿರ ಕೇಬಲ್ ಆರ್ಮರ್‌ನ (ಕೇಬಲ್ ಮೇಲಿನ ಲೋಹದ ಹೊದಿಕೆ) ಅರ್ತ್ ಬಿಚ್ಚಿ ಅಲ್ಲಿ ಕೆಂಪು ಕ್ಲಿಪ್ ಹಾಕಿದೆ. ಗುಂಡಿಗೆ ಹಲಗೆ ಮುಚ್ಚಿದ್ದೇವೆ ಅಕ್ಕ.

ವೈರ್‌ಮನ್_ಹಾವೇರಿ · 10:24
ಆರ್ಮರ್‌ಗೆ ಹಾಕಿದ್ದು ಸರಿ. ಅರ್ತ್‌ಗೆ ನೀರು ಹುಯ್ದ್ರಾ?

ಟವರ್_ಮಂಜು · 10:41
ನಾನು ಹತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೇನೆ. ಬಾಡಿಗೆ ಮಷಿನ್ ನಂಬಬೇಡಿ. ನನ್ನ ಹತ್ತಿರ ಆರ್‌ಡಿ 8100 ಲೊಕೇಟರ್ ಇದೆ, ಜೊತೆಗೆ 10 ವ್ಯಾಟ್ ಟ್ರಾನ್ಸ್‌ಮಿಟರ್, ಎರಡು ಸೈಜ್ ಕ್ಲ್ಯಾಂಪ್. ಕ್ಲ್ಯಾಂಪ್ ಇದ್ದರೆ ಏನನ್ನೂ ಬಿಚ್ಚಬೇಕಾಗಿಲ್ಲ, ಕೇಬಲ್ ಸುತ್ತ ಹಾಕಿದರೆ ಸಾಕು. ಎಲ್ಲವನ್ನೂ ಗಾಡಿಯಲ್ಲಿ ಫೋಮ್ ಕಟ್ ಮಾಡಿ ಜೋಡಿಸಿದ್ದೇನೆ. ನಾಳೆ ಫೋಟೋ ಹಾಕ್ತೀನಿ.

ಕರಾವಳಿ_ರಾಡಾರ್ · 10:55
ಜಿಪಿಆರ್ (ನೆಲದೊಳಗೆ ನೋಡುವ ರಾಡಾರ್) ತರಿಸಿ. ಕೇಬಲ್, ಪಿವಿಸಿ, ಕಾಂಕ್ರೀಟ್ ಎಲ್ಲವೂ ಕಾಣುತ್ತೆ. ಸುರತ್ಕಲ್‌ನ ಮರಳಿನಲ್ಲಿ ಎರಡು ಮೀಟರ್‌ವರೆಗೆ ಸ್ಪಷ್ಟವಾಗಿ ನೋಡಿದ್ದೇನೆ.

ಸರ್ವೆ_ಅಕ್ಕ · 11:02
ಮರಳಿನಲ್ಲಿ ಕಾಣುತ್ತೆ, ಒಪ್ಪಿದೆ. ಎರೆ ಮಣ್ಣಿನಲ್ಲಿ ಜೇಡಿ ಜಾಸ್ತಿ, ಕರೆಂಟ್ ಚೆನ್ನಾಗಿ ಹರಿಯುವ ಮಣ್ಣು ಅದು. ರಾಡಾರ್ ಅಲೆಯನ್ನು ಅದು ಮೇಲೇ ನುಂಗಿಬಿಡುತ್ತೆ. ಧಾರವಾಡದ ಹಿತ್ತಲಿಗೆ ಅಷ್ಟು ದುಡ್ಡು ಹಾಕಿಸಬೇಡಿ.

ಹಳ್ಳಿತೋಟ · 11:10
ನಮ್ಮ ಮಾವ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆಯುತ್ತಾರೆ. ಬೋರ್ ಪಾಯಿಂಟ್ ಅಷ್ಟೇ ಅಲ್ಲ, ಪೈಪ್ ಕೂಡ ಹೇಳ್ತಾರೆ.

ವೈರ್‌ಮನ್_ಹಾವೇರಿ · 11:14
ಅಣ್ಣಾ, ನೀರು ಸಿಗದಿದ್ದರೆ ದುಡ್ಡು ಹೋಗುತ್ತೆ. ಕೇಬಲ್ ತಪ್ಪಿದರೆ ಆಳಿನ ಜೀವ ಹೋಗುತ್ತೆ. ದಯವಿಟ್ಟು ಇಲ್ಲಿ ಅದು ಬೇಡ.

ಹಳ್ಳಿತೋಟ · 11:20
ನಂಬೋದು ಬಿಡೋದು ಅವರವರ ಇಷ್ಟ. ನಮ್ಮ ತೋಟದ ಮೂರು ಬೋರ್‌ಗೂ ಅವರೇ ಪಾಯಿಂಟ್ ಕೊಟ್ಟಿದ್ದು.

ಎರೆಹೊಲ_ಧಾರವಾಡ · ಭಾನುವಾರ ಬೆಳಿಗ್ಗೆ 8:15
ಉಪ್ಪು ನೀರು ಹುಯ್ದೆ. ಸಿಗ್ನಲ್ ಹಾಗೇ ಇದೆ, ಐದಡಿ ಅಂತಲೇ ಬರುತ್ತಿದೆ.

ವೈರ್‌ಮನ್_ಹಾವೇರಿ · 8:22
ಇನ್ನೆರಡು ಕೊಡ ಹುಯ್ಯಿರಿ. ಬಿರುಕಿನಲ್ಲಿ ಎಲ್ಲ ಇಳಿದು ಹೋಗಿರುತ್ತೆ.

ಸರ್ವೆ_ಅಕ್ಕ · 8:30
ನೀರು ಸಾಕು. ಪೀಕ್ ಮೋಡ್‌ನಲ್ಲಿ ಸಿಗ್ನಲ್ ಅತಿ ಜೋರಾಗುವ ಕಡೆ ಒಂದು ಗುರುತು ಹಾಕಿ, ನಲ್ ಮೋಡ್‌ನಲ್ಲಿ ಸಿಗ್ನಲ್ ಅಡಗುವ ಕಡೆ ಇನ್ನೊಂದು ಗುರುತು ಹಾಕಿ. ಎರಡರ ನಡುವೆ ಎಷ್ಟು ದೂರ? ಮತ್ತೆ ಕಪ್ಪು ಕ್ಲಿಪ್ ಎಲ್ಲಿದೆ? ಗೂಟ ನೆಟ್ಟ ಜಾಗ ನೀವು ಇನ್ನೂ ಹೇಳಿಲ್ಲ.

ಎರೆಹೊಲ_ಧಾರವಾಡ · 9:05
ಎರಡು ಗುರುತಿನ ನಡುವೆ ಒಂದೂವರೆ ಅಡಿ ಇದೆ. ಗೂಟ ನೆಟ್ಟಿಲ್ಲ, ನೆಲ ಕಲ್ಲಿನ ಹಾಗಾಗಿದೆ. ಕಪ್ಪು ಕ್ಲಿಪ್ಪನ್ನು ತಂತಿಬೇಲಿಯ ಕಬ್ಬಿಣದ ಕಂಬಕ್ಕೆ ಹಾಕಿದ್ದೇನೆ. ನೀರು ಹುಯ್ದದ್ದೂ ಅದರ ಬುಡಕ್ಕೇ. ಕಬ್ಬಿಣ ಭೂಮಿಯೊಳಗಿದೆ, ಅರ್ತ್ ಆದಂತೆಯೇ ಅಲ್ವಾ?

ಸರ್ವೆ_ಅಕ್ಕ · 9:12
ಸಿಕ್ಕಿತು ನೋಡಿ. ಆ ಬೇಲಿ ಸಂಪ್ ಜಾಗದ ಪಕ್ಕದಲ್ಲೇ ಹೋಗಿದೆ ಅಲ್ವಾ? ಸಿಗ್ನಲ್ ಆರ್ಮರ್‌ನಲ್ಲಿ ಕಂಬದವರೆಗೆ ಹೋಗಿ, ಅಲ್ಲಿನ ಅರ್ತ್‌ನಿಂದ ಮಣ್ಣಿಗಿಳಿದು, ಬೇಲಿಯ ಉದ್ದಕ್ಕೂ ವಾಪಸ್ ಬರುತ್ತಿದೆ. ನಿಮ್ಮ ರಿಸೀವರ್ ಕೇಬಲ್ ಮತ್ತು ಬೇಲಿ ಎರಡನ್ನೂ ಒಟ್ಟಿಗೆ ಕೇಳುತ್ತಿದೆ. ಪೀಕ್ ಮತ್ತು ನಲ್ ಒಂದೇ ಕಡೆ ಬರದಿದ್ದರೆ ಆಳದ ಲೆಕ್ಕವನ್ನು ನಂಬಲೇಬಾರದು.

ಹೀಗೆ ಮಾಡಿ. ಕೇಬಲ್ ಸುಮಾರಾಗಿ ಯಾವ ದಿಕ್ಕಿಗಿದೆ ಅಂತ ಗೊತ್ತಲ್ಲ, ಅದಕ್ಕೆ ಅಡ್ಡಲಾಗಿ, ಬೇಲಿಯ ಕಡೆಗಲ್ಲದೆ ಇನ್ನೊಂದು ಕಡೆ ಹದಿನೈದು ಅಡಿ ದೂರಕ್ಕೆ ಹೋಗಿ. ಅಲ್ಲಿ ಹಾರೆಯಲ್ಲಿ ತೂತು ಮಾಡಿ, ನೀರು ತುಂಬಿ, ಗೂಟ ಹೊಡೆಯಿರಿ. ಫ್ರೀಕ್ವೆನ್ಸಿ 8ಕ್ಕೆ ಇಳಿಸಿ. 33 ಪಕ್ಕದ ಕಬ್ಬಿಣಕ್ಕೆಲ್ಲ ಬೇಗ ಹಾರುತ್ತೆ.

ವೈರ್‌ಮನ್_ಹಾವೇರಿ · 9:20
ಅರ್ತ್ ಸಮಸ್ಯೆ ಅಂತ ನಾನು ಮೊದಲೇ ಹೇಳಿದ್ದೆ.

ಸರ್ವೆ_ಅಕ್ಕ · 9:26
ಒಣ ಮಣ್ಣು ಅಂದಿರಿ, ಜಾಗ ಕೇಳಲಿಲ್ಲ. ಎರಡೂ ಬೇರೆ.

ಟವರ್_ಮಂಜು · 9:31
ಗಾಡಿಯ ಫೋಟೋ ಹಾಕಿದ್ದೇನೆ ನೋಡಿ. ಅಂದ ಹಾಗೆ ಅಗೆಯುವ ಮೊದಲು ಕೇಬಲ್, ಪೈಪ್‌ನವರಿಗೆ ತಿಳಿಸುವ ಸರ್ಕಾರಿ ಆ್ಯಪ್ ‘ಕಾಲ್ ಬಿಫೋರ್ ಯು ಡಿಗ್’ನಲ್ಲಿ ತಿಳಿಸಿದ್ದೀರಾ? 2023ರ ಮಾರ್ಚ್‌ನಿಂದ ಇದೆ.

ಕರಾವಳಿ_ರಾಡಾರ್ · 9:40
ಅದು ರಸ್ತೆ ಅಗೆಯುವವರಿಗೆ. ಸ್ವಂತ ಹಿತ್ತಲಿಗೆ ಯಾಕೆ?

ಟವರ್_ಮಂಜು · 9:44
ಹಿತ್ತಲಲ್ಲಿ ಬೇರೆಯವರ ಫೈಬರ್ ಹೋಗಿರಲ್ಲ ಅಂತ ಯಾರು ಹೇಳಿದ್ರು? ಹಳದಿ ಗ್ಯಾಸ್ ಪೈಪ್ ಬೀದಿಯಲ್ಲಿದ್ದರೆ ಗ್ಯಾಸಿನವರಿಗೆ ಫೋನ್ ಮಾಡದೆ ಗುದ್ದಲಿ ಎತ್ತಲೇಬಾರದು.

ಎರೆಹೊಲ_ಧಾರವಾಡ · ಸಂಜೆ 5:30
ಸಿಕ್ಕಿತು! ಗೂಟ ಬದಲಿಸಿದ ತಕ್ಷಣ ಪೀಕ್ ಮತ್ತು ನಲ್ ಒಂದೇ ಗೆರೆಯ ಮೇಲೆ ಬಂದವು. ಆಳ 70 ಸೆಂ.ಮೀ. ಮೊದಲ ಗುಂಡಿಯ ಅಂಚಿನಿಂದ ಬರೀ ಒಂದಡಿ ಆಚೆ. ನಾನೇ ಸಲಿಕೆ ಹಿಡಿದು ನಿಧಾನಕ್ಕೆ ಕೆರೆದೆ. ಮೊದಲು ಇಟ್ಟಿಗೆ ಸಾಲು ಬಂತು, ಒಂದರ ಪಕ್ಕ ಒಂದು ಅಡ್ಡ ಜೋಡಿಸಿದ್ದಾರೆ. ಒಂದು ಇಟ್ಟಿಗೆ ಎತ್ತಿದರೆ ಕೆಳಗೆ ಹೊಳೆ ಮರಳು, ಇನ್ನೂ ತಣ್ಣಗಿತ್ತು. ಅದರೊಳಗೆ ಕೇಬಲ್. ಅಪ್ಪ ಎಷ್ಟು ಅಚ್ಚುಕಟ್ಟಾಗಿ ಮಾಡಿಸಿದ್ದಾರೆ ಅಂತ ಸ್ವಲ್ಪ ಹೊತ್ತು ನೋಡುತ್ತಾ ಕೂತೆ. ಅಕ್ಕ, ತುಂಬಾ ಥ್ಯಾಂಕ್ಸ್. ಈಗ ನಲ್ಲಿ ಪೈಪ್ ಹುಡುಕಬೇಕು, ಅದಕ್ಕೆ ಸಿಗ್ನಲ್ಲೇ ಇಲ್ಲ.

ಸರ್ವೆ_ಅಕ್ಕ · 5:48
ನಲ್ಲಿ ಪೈಪ್ ವಿಷಯ ಈಗ ಹೇಳ್ತಿದ್ದೀರಿ! ಪಿವಿಸಿನಾ?

ಎರೆಹೊಲ_ಧಾರವಾಡ · 5:52
ಹೌದು, ಒಂದಿಂಚು.

ಸರ್ವೆ_ಅಕ್ಕ · 6:10
ಪ್ಲಾಸ್ಟಿಕ್ ಪೈಪ್ ಲೊಕೇಟರ್‌ಗೆ ಕಾಣಲ್ಲ. ಒಳಗೆ ಲೋಹ ತೂರಿಸಬೇಕು. ಮೇನ್ ವಾಲ್ವ್ ಬಂದ್ ಮಾಡಿ, ನಲ್ಲಿ ಕಡೆಯ ತುದಿ ಬಿಚ್ಚಿ, ವೈರ್ ಎಳೆಯುವ ಸ್ಪ್ರಿಂಗ್ ತೊಳೆದು ಒಳಗೆ ತಳ್ಳಿ. ಹೊರಗುಳಿದ ತುದಿಗೆ ಕೆಂಪು ಕ್ಲಿಪ್ ಹಾಕಿ. ಒಳಗಿನ ತುದಿ ಮಣ್ಣಿಗೆ ತಾಗಿರಲ್ಲ, ಹಾಗಾಗಿ ಇಲ್ಲಿ 8 ಸಾಲದು, 33 ಅಥವಾ ಅದಕ್ಕಿಂತ ಮೇಲಿನದೇ ಬೇಕು. ತುದಿ ಹತ್ತಿರ ಬಂದಂತೆ ಸಿಗ್ನಲ್ ಸಣ್ಣಗಾಗುತ್ತೆ, ಪೈಪ್ ಅಲ್ಲಿಗೇ ಮುಗಿಯಿತು ಅಂದುಕೊಳ್ಳಬೇಡಿ. ಮುಗಿದ ಮೇಲೆ ಹತ್ತು ನಿಮಿಷ ನೀರು ಹರಿಯಲು ಬಿಡಿ. ಕೇಬಲ್‌ನ ಅರ್ತ್ ವಾಪಸ್ ಹಾಕದೆ ಫ್ಯೂಸ್ ಹಾಕಿಸಬೇಡಿ.

ಎರೆಹೊಲ_ಧಾರವಾಡ · ಸೋಮವಾರ ಮಧ್ಯಾಹ್ನ 1:20
ಅರ್ತ್ ಹಾಕಿ ಕರೆಂಟ್ ತೆಗೆದುಕೊಂಡೆವು. ಸ್ಪ್ರಿಂಗ್ ಹನ್ನೆರಡು ಅಡಿ ಹೋಗಿ ಬೆಂಡ್‌ನಲ್ಲಿ ನಿಂತಿತು. ಅಲ್ಲಿಯವರೆಗೆ ಸುಣ್ಣದ ಗೆರೆ ಎಳೆದಿದ್ದೇನೆ. ಅಲ್ಲಿಂದ ಮುಂದೆ ಕೈಯಲ್ಲೇ ಅಗೆಯುತ್ತೇವೆ. ಜೆಸಿಬಿಯನ್ನು ಗುರುವಾರಕ್ಕೆ ಮುಂದೂಡಿದೆ.

ಹೊಸಬ_ಗದಗ · ಸೋಮವಾರ ಸಂಜೆ 7:05
ಮಂಜಣ್ಣ, ನಿಮ್ಮ ಗಾಡಿಯಲ್ಲಿರೋ ಆ ಫೋಮ್ ಎಲ್ಲಿ ಸಿಗುತ್ತೆ?